ಗೆಳೆಯರ ಪರವಾಗಿ ಅನಾರೋಗ್ಯ ಭತ್ಯೆ, ಅಂಗವಿಕಲ ವೇತನ: ಅರ್ಜಿಯಿಂದ ಮೇಲ್ಮನವಿಯವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡಿನಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ನೆರೆಹೊರೆಯವರು ಗಂಜಿ ಕಾಯಿಸಿ ಕೊಡುತ್ತಾರೆ, ಜೀಪು ಮಾಡಿಕೊಂಡು ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ಅಡಿಕೆ ಕೊಯ್ಲಿಗೆ ಒಂದಾಳು ಕಳಿಸುತ್ತಾರೆ. ಕಾಗದಪತ್ರದ ಮಾತು ಬಂದಾಗ ಮಾತ್ರ "ನಮಗೆ ಅದೆಲ್ಲ ಗೊತ್ತಾಗುವುದಿಲ್ಲ" ಎಂದು ಹಿಂದೆ ಸರಿಯುತ್ತಾರೆ. ರೋಗಿ ಒಬ್ಬನೇ ಕಚೇರಿಗೆ ಹೋಗುತ್ತಾನೆ, ಕಿಟಕಿಯಲ್ಲಿ ಯಾರೋ "ಆಗುವುದಿಲ್ಲ" ಎನ್ನುತ್ತಾರೆ, ಅವನು ತಲೆಯಾಡಿಸಿ ಬಸ್ಸು ಹತ್ತುತ್ತಾನೆ. ನ್ಯಾಯವಾಗಿ ಸಿಗಬೇಕಾದ ಹಣ ಅಲ್ಲಿಗೇ ನಿಂತುಹೋಗುತ್ತದೆ. ಜೊತೆಗೆ ಹೋಗಲು ಮನಸ್ಸು ಮಾಡಿದವರಿಗಾಗಿ, ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಊರುಗಳವರು ನನ್ನನ್ನು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ನನ್ನ ಗೆಳೆಯನಿಗೆ ಯಾವ ಸೌಲಭ್ಯ ಸಿಗುತ್ತದೆ ಎಂದು ತಿಳಿಯುವುದು ಹೇಗೆ?

ಮೊದಲು ಅವನ ಸಂಬಳದ ಚೀಟಿ ನೋಡಿ. ಇಎಸ್‌ಐ ಎಂದು ಕಡಿತವಾಗುತ್ತಿದ್ದರೆ ಅವನು ಕಾರ್ಮಿಕರ ರಾಜ್ಯ ವಿಮಾ ನಿಗಮದ ವಿಮಾದಾರ. ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಅಲ್ಲಿಂದ ನಗದು ಭತ್ಯೆ ಬರುತ್ತದೆ. ಮಾಚೇನಹಳ್ಳಿಯ ಕಾರ್ಖಾನೆಗಳು, ಗಾರ್ಮೆಂಟ್ಸ್, ಫೌಂಡ್ರಿ, ಖಾಸಗಿ ಆಸ್ಪತ್ರೆ, ದೊಡ್ಡ ಅಂಗಡಿ ಇಂಥ ಕಡೆ 10 ಅಥವಾ ಹೆಚ್ಚು ಜನ ಕೆಲಸ ಮಾಡುತ್ತಿದ್ದು, ತಿಂಗಳ ಸಂಬಳ 21,000 ರೂಪಾಯಿಯ ಒಳಗಿದ್ದರೆ ಸಾಮಾನ್ಯವಾಗಿ ಇಎಸ್‌ಐ ಇರುತ್ತದೆ. ಅಂಗವೈಕಲ್ಯ ಇರುವ ನೌಕರರಿಗೆ ಈ ಮಿತಿ 25,000.

ಆಮೇಲೆ ಕೇಳಬೇಕಾದದ್ದು, ತೊಂದರೆ ಕೆಲಸದಿಂದ ಬಂದದ್ದೇ ಎಂದು. ಯಂತ್ರಕ್ಕೆ ಕೈ ಸಿಕ್ಕಿದ್ದರೆ ಅದು ಕಾಯಿಲೆಯ ಖಾತೆಗೆ ಬರುವುದಿಲ್ಲ. ಉದ್ಯೋಗ ಗಾಯದ ಖಾತೆಗೆ ಸೇರುತ್ತದೆ, ದರವೂ ಹೆಚ್ಚು.

ಇಎಸ್‌ಐ ಇಲ್ಲದವರು, ಅಂದರೆ ತೋಟದ ಕೂಲಿಯವರು, ಸಣ್ಣ ರೈತರು, ಮನೆಗೆಲಸದವರು, ಮರ ಹತ್ತುವ ಕೊನೆಗೌಡರು, ತೊಂದರೆ ಶಾಶ್ವತವಾಗಿ ಉಳಿಯುವಂಥದ್ದಾದರೆ ಕಂದಾಯ ಇಲಾಖೆಯ ಮೂಲಕ ವಿಕಲಚೇತನರ ಮಾಸಾಶನಕ್ಕೆ, ಅಂದರೆ ಅಂಗವಿಕಲ ವೇತನಕ್ಕೆ, ಅರ್ಜಿ ಹಾಕಬಹುದು. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಣಿ ಆಗಿದ್ದರೆ ಅಲ್ಲೂ ದುರ್ಬಲತೆ ಪಿಂಚಣಿ ಇದೆ. ಕಾರ್ಡ್ ನವೀಕರಣ ತಪ್ಪಿದೆಯೇ ಎಂದು ನೋಡಿಕೊಳ್ಳಿ.

ಇಎಸ್‌ಐ ಅನಾರೋಗ್ಯ ಭತ್ಯೆ ಎಷ್ಟು, ಎಷ್ಟು ದಿನ?

ಸರಾಸರಿ ದಿನಗೂಲಿಯ ಶೇ. 70. ವರ್ಷದ ಎರಡು ಸೌಲಭ್ಯ ಅವಧಿಗಳಲ್ಲಿ (ಜನವರಿಯಿಂದ ಜೂನ್, ಜುಲೈನಿಂದ ಡಿಸೆಂಬರ್) ಸೇರಿ ಗರಿಷ್ಠ 91 ದಿನ. ಸರಾಸರಿ ದಿನಗೂಲಿ 500 ರೂಪಾಯಿ ಇರುವವರಿಗೆ ದಿನಕ್ಕೆ 350. ಪೂರ್ತಿ 91 ದಿನಕ್ಕೆ 31,850 ರೂಪಾಯಿ. ಮೊದಲ ಎರಡು ದಿನಕ್ಕೆ ಹಣವಿಲ್ಲ. ಆದರೆ ಹಿಂದಿನ ಕಾಯಿಲೆ ಮುಗಿದ 15 ದಿನದೊಳಗೆ ಮತ್ತೆ ಮಲಗಿದರೆ ಈ ಎರಡು ದಿನವನ್ನು ಹಿಡಿಯುವುದಿಲ್ಲ. ಕಾಯಿಲೆ ಬಿಟ್ಟು ಬಿಟ್ಟು ಕಾಡುವವರ ವಿಷಯದಲ್ಲಿ ಇದನ್ನು ನೆನಪಿಟ್ಟುಕೊಳ್ಳಿ, ಲೆಕ್ಕ ಹಾಕುವವರು ಮರೆತಿರುತ್ತಾರೆ.

"ವಂತಿಗೆ ಸಾಲದು, ಸಿಗುವುದಿಲ್ಲ" ಎಂದರು. ಇದು ಏನು ಲೆಕ್ಕ?

ಇದೇ ಎಲ್ಲರನ್ನೂ ಗೊಂದಲಕ್ಕೆ ಕೆಡವುವ ಲೆಕ್ಕ. ವಂತಿಗೆ ಎಂದರೆ ಇಎಸ್‌ಐಗೆ ಪ್ರತಿ ತಿಂಗಳು ಕಟ್ಟುವ ಹಣ. ವರ್ಷವನ್ನು ಆರಾರು ತಿಂಗಳ ಎರಡು ವಂತಿಗೆ ಅವಧಿಗಳಾಗಿ ಮಾಡಿದ್ದಾರೆ: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ್ದು ಮುಂದಿನ ಜನವರಿಯಿಂದ ಜೂನ್‌ವರೆಗಿನ ಕಾಯಿಲೆಗೆ ಲೆಕ್ಕ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಟ್ಟಿದ್ದು ಜುಲೈನಿಂದ ಡಿಸೆಂಬರ್‌ಗೆ. ಆಯಾ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಬಿದ್ದಿರಬೇಕು.

ಹಾಗಾಗಿ ಮಾರ್ಚ್‌ನಲ್ಲಿ ಮಲಗಿದವರ ಅರ್ಹತೆ ಕಂಡುಕೊಳ್ಳಲು ಫೆಬ್ರವರಿಯ ಸಂಬಳ ಚೀಟಿ ಹಿಡಿದು ಪ್ರಯೋಜನವಿಲ್ಲ. ಹಿಂದಿನ ವರ್ಷದ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಚೀಟಿಗಳು ಬೇಕು. ಇಎಸ್‌ಐ ಜಾಲತಾಣದಲ್ಲಿ ವಿಮಾದಾರರ ಸಂಖ್ಯೆ ಕೊಟ್ಟು ಯಾವ ತಿಂಗಳು ಎಷ್ಟು ದಿನ ಬಿದ್ದಿದೆ ಎಂದು ನೋಡಬಹುದು. ಸಂಬಳದಿಂದ ಕಡಿದಿದ್ದಾರೆ, ಅಲ್ಲಿ ಬಿದ್ದಿಲ್ಲ ಎಂದಾದರೆ ತಪ್ಪು ಮಾಲೀಕರದು. ಅಂಥಲ್ಲಿ ನಿಗಮ ಕಾರ್ಮಿಕನಿಗೆ ಸಲ್ಲಬೇಕಾದದ್ದನ್ನು ಕೊಟ್ಟು ಮಾಲೀಕರಿಂದ ವಸೂಲು ಮಾಡಲು ಅವಕಾಶವಿದೆ. ಸಂಬಳ ಚೀಟಿಗಳನ್ನು ಎಸೆಯದೆ ಇಟ್ಟುಕೊಂಡವರಿಗೆ ಈ ಜಗಳ ಸುಲಭ.

91 ದಿನ ಮುಗಿದುಹೋಯಿತು. ಕಾಯಿಲೆ ಮುಗಿದಿಲ್ಲ. ಇನ್ನೇನು?

ವಿಸ್ತೃತ ಅನಾರೋಗ್ಯ ಸೌಲಭ್ಯ ಎಂಬುದೊಂದಿದೆ ಮತ್ತು ಅದನ್ನು ಕೇಳದವರಿಗೆ ಯಾರೂ ಹೇಳುವುದಿಲ್ಲ. ನಿಗಮದ ಪಟ್ಟಿಯಲ್ಲಿ ದೀರ್ಘಕಾಲದ 34 ಕಾಯಿಲೆಗಳಿವೆ: ಕ್ಷಯ, ಕ್ಯಾನ್ಸರ್, ಪಾರ್ಶ್ವವಾಯು, ಪಾರ್ಕಿನ್ಸನ್, ಬೆನ್ನುಮೂಳೆಯ ಡಿಸ್ಕ್ ಜಾರುವುದು, ಕೂಡಿಕೊಳ್ಳದ ಮೂಳೆಮುರಿತ, ದೀರ್ಘಕಾಲದ ಮೂತ್ರಪಿಂಡ ವೈಫಲ್ಯ, ಹೃದಯದ ಹಲವು ತೊಂದರೆಗಳು, ಸ್ಕಿಜೋಫ್ರೇನಿಯಾದಂಥ ತೀವ್ರ ಮನೋರೋಗಗಳು, ಶೇ. 20ಕ್ಕಿಂತ ಹೆಚ್ಚಿನ ಸುಟ್ಟಗಾಯ ಮುಂತಾದವು. ಇವಕ್ಕೆ ದಿನಗೂಲಿಯ ಶೇ. 80ರಂತೆ, ವೈದ್ಯಕೀಯ ಸಲಹೆಯ ಮೇಲೆ ಗರಿಷ್ಠ 2 ವರ್ಷದವರೆಗೆ ವಿಸ್ತರಿಸಬಹುದು. ಷರತ್ತು: 2 ವರ್ಷ ಸತತ ವಿಮಾ ಉದ್ಯೋಗ, ಹಿಂದಿನ ನಾಲ್ಕು ವಂತಿಗೆ ಅವಧಿಗಳಲ್ಲಿ 156 ದಿನದ ವಂತಿಗೆ.

ಇಲ್ಲಿ ರೋಗದ ಹೆಸರು ಬರೆಯುವ ರೀತಿ ಮುಖ್ಯ. "ಬೆನ್ನುನೋವು" ಎಂದು ಪ್ರಮಾಣಪತ್ರದಲ್ಲಿದ್ದರೆ ಪಟ್ಟಿಗೆ ಹೊಂದುವುದಿಲ್ಲ. ಎಂಆರ್‌ಐ ವರದಿಯಲ್ಲಿ ಡಿಸ್ಕ್ ಜಾರಿದೆ ಎಂದಿದ್ದರೆ ವೈದ್ಯರು ಅದನ್ನೇ ಬರೆಯಬೇಕು. ಇರುವುದನ್ನು ಇರುವ ಹೆಸರಿನಲ್ಲಿ ಬರೆಯಿರಿ ಎಂದು ಕೇಳುವುದು ಶಿಫಾರಸು ಮಾಡಿಸಿದಂತಲ್ಲ. ವರದಿಯನ್ನು ಮೇಜಿನ ಮೇಲಿಟ್ಟು ವಿನಯದಿಂದ ಕೇಳಿ.

ಮಣಿಪಾಲದಲ್ಲಿ ಚಿಕಿತ್ಸೆ ಆಯಿತು. ಇಎಸ್‌ಐ ವೈದ್ಯರ ಪ್ರಮಾಣಪತ್ರ ಇಲ್ಲ. ಭತ್ಯೆ ಕೈತಪ್ಪಿತೇ?

ತಪ್ಪಿಲ್ಲ. ಮಲೆನಾಡಿನವರು ಗಂಭೀರ ಕಾಯಿಲೆಗೆ ಘಟ್ಟ ಇಳಿಯುವುದು ರೂಢಿ. ನಿಯಮದ ಪ್ರಕಾರ ಪ್ರಮಾಣಪತ್ರ ಇಎಸ್‌ಐ ವೈದ್ಯಾಧಿಕಾರಿಯದೇ ಆಗಬೇಕು, ಆದರೆ ಹೊರಗಿನ ಆಸ್ಪತ್ರೆಯ ದಾಖಲೆಯನ್ನು ಪರ್ಯಾಯ ಸಾಕ್ಷ್ಯವಾಗಿ ಒಪ್ಪಲು ಅವಕಾಶವಿದೆ. ಡಿಸ್ಚಾರ್ಜ್ ಸಾರಾಂಶ, ಬಿಲ್ಲುಗಳು, ವಿಶ್ರಾಂತಿಯ ದಿನಾಂಕ ನಮೂದಿಸಿದ ಚೀಟಿ, ಇಎಸ್‌ಐ ಆಸ್ಪತ್ರೆಗೆ ಏಕೆ ಹೋಗಲಾಗಲಿಲ್ಲ ಎಂಬ ಒಂದು ಪುಟದ ವಿವರಣೆ, ಇಷ್ಟನ್ನು ಶಾಖಾ ಕಚೇರಿಗೆ ಕೊಡಿ. ಅವರು ತಮ್ಮ ವೈದ್ಯರ ಮುಂದೆ ಹಾಜರಾಗಲು ಹೇಳಬಹುದು, ಹೋಗಿ. ಆಸ್ಪತ್ರೆ ದಾಖಲೆ ಕೊಡಲು ಸತಾಯಿಸಿದರೆ, ರೋಗಿ ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿ ಹೇಳುತ್ತದೆ.

ಬೇಡಿಕೆ ಸಲ್ಲಿಸಲು 12 ತಿಂಗಳು ದಾಟಿಸಬೇಡಿ. ಭತ್ಯೆ ಪಡೆಯುವ ದಿನಗಳಲ್ಲಿ ಬೇರೆಲ್ಲೂ ಕೂಲಿಗೆ ಹೋಗಬಾರದು, ಸಂಜೆ ಒಂದೆರಡು ಗಂಟೆಯ ಅಂಗಡಿ ಕೆಲಸವೂ ಕೂಡದು. ಕಾರ್ಖಾನೆಯಿಂದ ರಜೆಯ ದಿನಗಳನ್ನು ನಿಗಮ ಪರಿಶೀಲಿಸುತ್ತದೆ.

ಕಾರ್ಖಾನೆಯಲ್ಲಿ ಪೆಟ್ಟಾಗಿದೆ.

ಆ ದಿನವೇ ಅಪಘಾತ ಪುಸ್ತಕದಲ್ಲಿ ಬರೆಸಿ. ಇದೊಂದು ಆಗದಿದ್ದರೆ ಮುಂದಿನದೆಲ್ಲ ಕಷ್ಟ. ಕನಿಷ್ಠ 3 ದಿನ ಕೆಲಸ ಮಾಡಲಾಗದಿದ್ದರೆ ತಾತ್ಕಾಲಿಕ ಅಂಗವೈಕಲ್ಯ ಭತ್ಯೆ ಶೇ. 90ರಂತೆ, ಅಂದರೆ 500 ರೂಪಾಯಿ ಕೂಲಿಗೆ 450, ಗುಣವಾಗುವವರೆಗೂ ಸಿಗುತ್ತದೆ. 78 ದಿನದ ಷರತ್ತು ಇಲ್ಲಿ ಇಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಪೆಟ್ಟಾದರೂ ಸಲ್ಲುತ್ತದೆ. ಮನೆಯಿಂದ ಕೆಲಸಕ್ಕೆ ಹೋಗುವಾಗ, ಬರುವಾಗ ಆದ ಅಪಘಾತವೂ ಉದ್ಯೋಗಕ್ಕೆ ಸಂಬಂಧಿಸಿದ್ದೆಂದು ತೋರಿಸಲು ಸಾಧ್ಯವಾದರೆ ಸೇರುತ್ತದೆ. ಭದ್ರಾವತಿಯಿಂದ ಪಾಳಿಗೆ ಬೈಕಿನಲ್ಲಿ ಬರುವಾಗ ಬಿದ್ದವರು ಇದನ್ನು "ನನ್ನ ಗ್ರಹಚಾರ" ಎಂದು ಬಿಟ್ಟುಬಿಡುತ್ತಾರೆ. ಬಿಡಬೇಡಿ.

ಬೆರಳೋ ಕಣ್ಣೋ ಹೋಗಿ ಶಾಶ್ವತ ನಷ್ಟವಾದರೆ ವೈದ್ಯಕೀಯ ಮಂಡಳಿ ಗಳಿಕೆಯ ಶಕ್ತಿ ಶೇಕಡಾ ಎಷ್ಟು ಕುಗ್ಗಿತು ಎಂದು ನಿರ್ಧರಿಸುತ್ತದೆ, ಅದರಂತೆ ಜೀವನಪರ್ಯಂತ ಭತ್ಯೆ. ಆ ಶೇಕಡಾ ಕಡಿಮೆ ಎನಿಸಿದರೆ ವೈದ್ಯಕೀಯ ಮೇಲ್ಮನವಿ ನ್ಯಾಯಮಂಡಳಿಗೆ ಅಥವಾ ನೇರವಾಗಿ ನೌಕರರ ವಿಮಾ ನ್ಯಾಯಾಲಯಕ್ಕೆ ಹೋಗಬಹುದು. ತೀರ್ಮಾನ ಕೈಸೇರಿದ 3 ತಿಂಗಳೊಳಗೆ ಹಾಕಿ.

ಇಎಸ್‌ಐ ಇಲ್ಲದವರು ಮಾಸಾಶನಕ್ಕೆ ಎಲ್ಲಿಂದ ಶುರು ಮಾಡಬೇಕು?

ಯುಡಿಐಡಿ ಕಾರ್ಡ್‌ನಿಂದ. ಇದು ಅಂಗವೈಕಲ್ಯ ಇರುವವರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ. ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿ, ಶುಲ್ಕವಿಲ್ಲ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಇವರಲ್ಲಿ ಹೆಚ್ಚಿನವರು ಸ್ವತಃ ಅಂಗವೈಕಲ್ಯ ಇರುವವರು, ಕಚೇರಿಯ ದಾರಿಗಳನ್ನು ಬಲ್ಲವರು. ಅವರನ್ನು ಮೊದಲು ಭೇಟಿಯಾಗಿ. ಆಮೇಲೆ ವೈದ್ಯಕೀಯ ತಪಾಸಣೆ, ತಾಲ್ಲೂಕು ಆಸ್ಪತ್ರೆಯಲ್ಲಿ ಅಥವಾ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ, ಶೇ. 40 ಅಥವಾ ಹೆಚ್ಚು ಎಂದು ಪ್ರಮಾಣೀಕರಿಸಿದರೆ ಮಾಸಾಶನದ ಬಾಗಿಲು ತೆರೆಯುತ್ತದೆ. ಶೇ. 75ಕ್ಕಿಂತ ಹೆಚ್ಚಿದ್ದರೆ ದರ ಹೆಚ್ಚು. ಕಾರ್ಡಿನ ಬಣ್ಣದ ಪಟ್ಟಿಗೆ ಲೆಕ್ಕ ಬೇರೆ: 40ಕ್ಕಿಂತ ಕಡಿಮೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲ್ಪಟ್ಟು ನೀಲಿ. ಬಣ್ಣ ನೋಡಿ ಮಾಸಾಶನ ಊಹಿಸಬೇಡಿ, ಶೇಕಡಾ ನೋಡಿ.

ಕಾರ್ಡ್ ಬಂದ ಮೇಲೆ ಹೋಬಳಿಯ ನಾಡಕಚೇರಿಯಲ್ಲಿ ಮಾಸಾಶನದ ಅರ್ಜಿ. ಆದಾಯ ಪ್ರಮಾಣಪತ್ರ, ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪುಸ್ತಕ ಬೇಕು. ಗ್ರಾಮ ಆಡಳಿತ ಅಧಿಕಾರಿ ಮನೆಗೆ ಬಂದು ವರದಿ ಕೊಡುತ್ತಾರೆ, ಅದು ರಾಜಸ್ವ ನಿರೀಕ್ಷಕರ ಮೂಲಕ ತಹಶೀಲ್ದಾರ್ ಕಚೇರಿಗೆ ಹೋಗುತ್ತದೆ. ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆ ಇರುವ ಸ್ವೀಕೃತಿ ಪಡೆಯದೆ ಕಿಟಕಿ ಬಿಡಬೇಡಿ.

ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ, ಕ್ಯಾನ್ಸರ್ ಆದವರಿಗೆ ಅಂಗವಿಕಲ ವೇತನ ಸಿಗುತ್ತದೆಯೇ?

ಆ ರೋಗದ ಹೆಸರಿನಲ್ಲಿ ಸಿಗುವುದಿಲ್ಲ. 21ರ ಪಟ್ಟಿಯಲ್ಲಿ ಮೂತ್ರಪಿಂಡ ವೈಫಲ್ಯ, ಕ್ಯಾನ್ಸರ್, ಹೃದ್ರೋಗ ಇಲ್ಲ. ವಾರದಲ್ಲಿ ಮೂರು ದಿನ ಯಂತ್ರಕ್ಕೆ ಕಟ್ಟಿಹಾಕಿಕೊಂಡವರು ಕೂಲಿಗೆ ಹೋಗುವುದು ಹೇಗೆ ಎಂದು ಕೇಳಿದರೆ ಕಾಯ್ದೆಯಲ್ಲಿ ಉತ್ತರವಿಲ್ಲ. ಇದು ಅನ್ಯಾಯ, ಪಟ್ಟಿ ಬದಲಾಗಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಆದರೆ ರೋಗದಿಂದಾಗಿ ಕೈಕಾಲಿನ ಚಲನೆಯೋ ದೃಷ್ಟಿಯೋ ಹೋಗಿದ್ದರೆ ಆ ನಷ್ಟದ ಹೆಸರಿನಲ್ಲಿ ಅರ್ಜಿ ಹಾಕಬಹುದು. ಇದೇ ಕಾಯಿಲೆಗಳಿಗೆ ಇಎಸ್‌ಐ ವಿಸ್ತೃತ ಭತ್ಯೆ ಇರುವುದರಿಂದ, ಗೆಳೆಯ ವಿಮಾದಾರನಾಗಿದ್ದರೆ ಆ ದಾರಿಯನ್ನೇ ಹಿಡಿಯಿರಿ.

ತಪಾಸಣೆಯ ದಿನ ಏನು ಹೇಳಬೇಕು?

ನಮ್ಮ ಕಡೆಯವರಲ್ಲಿ ಒಂದು ಅಭ್ಯಾಸವಿದೆ. ಯಾರು "ಹೇಗಿದ್ದೀರಿ" ಎಂದರೂ "ಆರಾಮ" ಎನ್ನುತ್ತೇವೆ. ವೈದ್ಯರ ಎದುರಿಗೂ ಹಾಗೇ. ನಡೆದು ತೋರಿಸಿ ಎಂದಾಗ ಮರ್ಯಾದೆಗೆ ಹಲ್ಲು ಕಚ್ಚಿ ನೆಟ್ಟಗೆ ನಡೆಯುತ್ತೇವೆ. ಬೇರೆ ಕಡೆ ಇದು ಸಂಸ್ಕಾರ. ತಪಾಸಣೆಯ ಕೊಠಡಿಯಲ್ಲಿ ಅದರಿಂದ ಶೇಕಡಾ ಇಳಿಯುತ್ತದೆ.

ಹೋಗುವ ಮೊದಲು ಗೆಳೆಯನ ಜೊತೆ ಕುಳಿತು ಅವನ ಒಂದು ದಿನವನ್ನು ಬೆಳಗಿನಿಂದ ಬರೆಯಿರಿ. ನನ್ನ ಗೆಳೆಯರೊಬ್ಬರ ಹಾಳೆಯಲ್ಲಿ ಮೊದಲು ಇದ್ದದ್ದು ಒಂದೇ ಸಾಲು: "ಕೆಲಸ ಮಾಡಲು ಆಗುತ್ತಿಲ್ಲ." ಅರ್ಧ ಗಂಟೆ ಮಾತಾಡಿದ ಮೇಲೆ ಅದು ಹೀಗಾಯಿತು: "ಬಚ್ಚಲಿಗೆ ಇಳಿಯುವ ಎರಡು ಮೆಟ್ಟಿಲಿಗೆ ಗೋಡೆ ಹಿಡಿಯಬೇಕು. ಹಂಡೆಯಿಂದ ಬಿಸಿನೀರು ಮೊಗೆದುಕೊಳ್ಳಲು ಹೆಂಡತಿ ಬೇಕು. ಅಂಗಿಯ ಮೇಲಿನ ಗುಂಡಿ ಎಡಗೈಯಲ್ಲಿ ಹಾಕಲಾಗುವುದಿಲ್ಲ. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯಲು ಕುಳಿತರೆ ಕಾಲು ಗಂಟೆಯಲ್ಲಿ ಬಲಗಾಲು ಮರಗಟ್ಟುತ್ತದೆ, ಏಳಲು ಇಬ್ಬರು ಎತ್ತಬೇಕು. ಮಳೆಗಾಲದಲ್ಲಿ ಅಂಗಳ ಪಾಚಿ ಕಟ್ಟಿದಾಗ ಹೊರಗೆ ಹೋಗುವುದೇ ಇಲ್ಲ." ಈ ಹಾಳೆಯ ಒಂದು ಪ್ರತಿಯನ್ನು ವೈದ್ಯರಿಗೆ ಕೊಡಿ. ಚೆನ್ನಾಗಿರುವ ದಿನದ ವಿವರವಲ್ಲ, ವಾರದಲ್ಲಿ ಹೆಚ್ಚು ದಿನ ಹೇಗಿರುತ್ತದೆಯೋ ಅದು ಬೇಕು.

ಹೆಚ್ಚಿಸಿ ಹೇಳುವುದು ಬೇಡ. ಸುಳ್ಳು ಹೇಳಿ ಸೌಲಭ್ಯ ಪಡೆದರೆ ಅದೇ 2016ರ ಕಾಯ್ದೆಯಲ್ಲಿ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡವಿದೆ. ಇದ್ದದ್ದನ್ನು ಇದ್ದಷ್ಟೇ ಹೇಳಿದರೆ ಸಾಕು, ನಮ್ಮವರಿಗೆ ಅದೇ ಕಷ್ಟ.

ಹಳೆಯ ಚಿಕಿತ್ಸೆಯ ಕಾಗದಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಎಕ್ಸ್‌ರೇಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ. ಆಗುಂಬೆ, ಹೊಸನಗರದ ಕಡೆಯಿಂದ ಜುಲೈನಲ್ಲಿ ಬರುವವರಿಗೆ ಇದನ್ನು ಹೇಳಬೇಕಾಗಿಲ್ಲ. ಶರಾವತಿ ಹಿನ್ನೀರಿನ ಆಚೆಯ ತುಮರಿಯವರಿಗೆ 2025ರ ಜುಲೈನಲ್ಲಿ ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವುದು ತಪ್ಪಿದೆ, ಆದರೂ ಶಿವಮೊಗ್ಗಕ್ಕೆ ಒಂದು ದಿನ ಪೂರ್ತಿ ಬೇಕು. ಹೊರಡುವ ಮೊದಲು ಸಂಬಂಧಪಟ್ಟ ತಜ್ಞರು ಆ ದಿನ ಇರುತ್ತಾರೆಯೇ ಎಂದು ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಊಟ, ಮಾತ್ರೆ, ಒಂದು ಜೊತೆ ಬಟ್ಟೆ ಇರಲಿ.

ಮಾನಸಿಕ ಕಾಯಿಲೆಗೂ ಪ್ರಮಾಣಪತ್ರ ಕೊಡುತ್ತಾರೆಯೇ?

ಕೊಡುತ್ತಾರೆ. ಐಡಿಯಾಸ್ ಎಂಬ ಅಳತೆಗೋಲಿನಲ್ಲಿ ಸ್ವಂತ ಆರೈಕೆ, ಜನರ ಜೊತೆಗಿನ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ, ಇವನ್ನು ನೋಡುತ್ತಾರೆ. ಕಾಯಿಲೆ ಎಷ್ಟು ವರ್ಷದಿಂದ ಇದೆ ಎಂಬುದಕ್ಕೂ ಅಂಕವಿದೆ. ರೋಗಿಯೇ "ನನಗೇನೂ ಆಗಿಲ್ಲ" ಎನ್ನಬಹುದು, ಆದ್ದರಿಂದ ಇಲ್ಲಿ ಜೊತೆಗೆ ಇರುವವರ ಮಾತಿಗೆ ತೂಕ ಹೆಚ್ಚು. ಎಷ್ಟು ದಿನಕ್ಕೊಮ್ಮೆ ಸ್ನಾನ, ಯಾರ ಜೊತೆ ಮಾತು, ಕೊನೆಯ ಬಾರಿ ಕೆಲಸಕ್ಕೆ ಹೋದದ್ದು ಯಾವಾಗ ಎಂದು ನೀವು ಹೇಳಬೇಕಾಗುತ್ತದೆ. ಗೆಳೆಯನ ಎದುರಿಗೆ ಹೇಳಲು ಸಂಕೋಚವಾಗುವುದನ್ನು ಬರೆದು ಕೊಡಿ, ಬರೆದದ್ದನ್ನು ಮೊದಲೇ ಅವನಿಗೆ ತೋರಿಸಿ. ಚಿಕಿತ್ಸೆಯೇ ಶುರುವಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಕಿಟಕಿಯಲ್ಲಿ "ಆಗುವುದಿಲ್ಲ, ಹೋಗಿ" ಎಂದರು. ಈಗ ಮೇಲ್ಮನವಿ ಹಾಕಬಹುದೇ?

ಇನ್ನೂ ಇಲ್ಲ. ಬಾಯಿಮಾತಿನ "ಇಲ್ಲ" ಯಾವ ದಾಖಲೆಯಲ್ಲೂ ಇರುವುದಿಲ್ಲ. ನಾಳೆ "ಅವರು ಅರ್ಜಿಯನ್ನೇ ಕೊಟ್ಟಿಲ್ಲ" ಎಂದರೆ ನಿಮ್ಮ ಬಳಿ ಉತ್ತರವಿಲ್ಲ. ಮೇಲಿನ ಅಧಿಕಾರಿ, ನ್ಯಾಯಾಲಯ, ಆಯುಕ್ತರು, ಎಲ್ಲರೂ ಮೊದಲು ಕೇಳುವುದು ಹಿಂಬರಹ, ಅಂದರೆ ಕಚೇರಿ ಬರೆದು ಕೊಟ್ಟ ಉತ್ತರ. ನನಗೆ ಈ ಕೆಲಸದಲ್ಲಿ ಹೇಳಲಿಕ್ಕಿರುವುದು ಒಂದೇ ಇದ್ದರೆ ಅದು ಇದು: ಅರ್ಜಿಯನ್ನು ಬರಹದಲ್ಲಿ ಕೊಡಿ, ನಿರಾಕರಣೆಯನ್ನೂ ಬರಹದಲ್ಲಿ ಪಡೆಯಿರಿ.

ಜಗಳ ಬೇಡ. "ಸರಿ ಸಾರ್, ಹಾಗಾದರೆ ಕಾರಣ ಬರೆದು ಹಿಂಬರಹ ಕೊಡಿ" ಎಂದರೆ ಸಾಕು. ಅನೇಕ ಸಲ ಇದನ್ನು ಕೇಳಿದ ಕೂಡಲೇ ಅರ್ಜಿ ತೆಗೆದುಕೊಳ್ಳುತ್ತಾರೆ, ಏಕೆಂದರೆ ಬರೆಯಲು ಕಾರಣವೇ ಇರುವುದಿಲ್ಲ. ಕೊಡದಿದ್ದರೆ ಈ ರೀತಿಯ ಪತ್ರವನ್ನು ಎರಡು ಪ್ರತಿ ಮಾಡಿ ಟಪಾಲು ವಿಭಾಗದಲ್ಲಿ ಕೊಟ್ಟು, ಒಂದಕ್ಕೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಅದನ್ನೂ ನಿರಾಕರಿಸಿದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ:

"ಮಾನ್ಯರೇ, ನಾನು ಇಂಥ ದಿನಾಂಕದಂದು ಈ ಸೌಲಭ್ಯಕ್ಕಾಗಿ ತಮ್ಮ ಕಚೇರಿಗೆ ಬಂದಿದ್ದು, ನನಗೆ ಅರ್ಹತೆ ಇಲ್ಲವೆಂದು ಮೌಖಿಕವಾಗಿ ತಿಳಿಸಲಾಗಿದೆ. ನನ್ನ ಅರ್ಜಿ ಮತ್ತು ದಾಖಲೆಗಳನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ದಯವಿಟ್ಟು ಅರ್ಜಿಯನ್ನು ಸ್ವೀಕರಿಸಿ ಪರಿಶೀಲಿಸಬೇಕಾಗಿಯೂ, ತಿರಸ್ಕರಿಸುವುದಾದರೆ ಯಾವ ನಿಯಮದಡಿ, ಯಾವ ಕಾರಣಕ್ಕೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕಾಗಿಯೂ ಕೋರುತ್ತೇನೆ."

ಸಹಿ ಗೆಳೆಯನದಿರಲಿ, ನಿಮ್ಮದಲ್ಲ. ಸಹಿ ಮಾಡಲಾಗದಿದ್ದರೆ ಹೆಬ್ಬೆಟ್ಟು, ಪಕ್ಕದಲ್ಲಿ ಸಾಕ್ಷಿಯಾಗಿ ನಿಮ್ಮ ಹೆಸರು.

ಹಿಂಬರಹ ಬಂತು. ಎಲ್ಲಿಗೆ ಮೇಲ್ಮನವಿ?

ಯಾವುದನ್ನು ನಿರಾಕರಿಸಿದರು ಎಂಬುದರ ಮೇಲೆ ನಿಂತಿದೆ.

ಮಾಸಾಶನದ ಅರ್ಜಿ ತಿರಸ್ಕೃತವಾದರೆ ಅಥವಾ ಸ್ವೀಕೃತಿಯಲ್ಲಿ ನಮೂದಾದ ಗಡುವು ದಾಟಿದರೆ ಸಕಾಲ ಕಾಯ್ದೆಯಡಿ ಸಕ್ಷಮ ಅಧಿಕಾರಿಗೆ (ಇಲ್ಲಿ ಉಪವಿಭಾಗಾಧಿಕಾರಿ) 30 ದಿನದೊಳಗೆ ಮೇಲ್ಮನವಿ, ಅಲ್ಲೂ ಆಗದಿದ್ದರೆ ಮೇಲ್ಮನವಿ ಪ್ರಾಧಿಕಾರಕ್ಕೆ ಎರಡನೆಯದು. 2011ರ ಈ ಕಾಯ್ದೆಯಲ್ಲಿ ತಡಮಾಡಿದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500ರವರೆಗೆ ಪರಿಹಾರವೂ ಇದೆ. ಹಣ ಚಿಕ್ಕದು, ಆದರೆ ಅದು ತಪ್ಪಿತಸ್ಥ ಅಧಿಕಾರಿಯ ಲೆಕ್ಕಕ್ಕೆ ಬೀಳುವುದರಿಂದ ಕಡತ ಚಲಿಸುತ್ತದೆ. ಉಪವಿಭಾಗಾಧಿಕಾರಿಗಳ ಕಚೇರಿ ನಮ್ಮ ಜಿಲ್ಲೆಯಲ್ಲಿ ಎರಡಿವೆ: ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿಯವರಿಗೆ ಶಿವಮೊಗ್ಗದಲ್ಲಿ, ಸಾಗರ, ಸೊರಬ, ಹೊಸನಗರ, ಶಿಕಾರಿಪುರದವರಿಗೆ ಸಾಗರದಲ್ಲಿ.

ಅಂಗವೈಕಲ್ಯದ ಶೇಕಡಾ ಕಡಿಮೆ ಕೊಟ್ಟರೆ ಅಥವಾ ಪ್ರಮಾಣಪತ್ರವನ್ನೇ ನಿರಾಕರಿಸಿದರೆ 2016ರ ಕಾಯ್ದೆಯ 59ನೇ ಕಲಂನಡಿ ರಾಜ್ಯ ಸರ್ಕಾರ ಗೊತ್ತುಮಾಡಿದ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ದಾರಿ ತೋರಿಸಲು ಜಿಲ್ಲಾ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಅಧಿಕಾರಿಗಳ ಕಚೇರಿ ಇದೆ. ತಾರತಮ್ಯ, ಅನಗತ್ಯ ಅಲೆದಾಟದಂಥ ದೂರುಗಳನ್ನು ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ಅಂಚೆಯಲ್ಲೇ ಕಳಿಸಬಹುದು.

ಇಎಸ್‌ಐ ಭತ್ಯೆಯಾದರೆ ಶಾಖಾ ವ್ಯವಸ್ಥಾಪಕರಿಗೆ ಮರುಪರಿಶೀಲನೆಗೆ ಪತ್ರ, ಆಮೇಲೆ ನಿಗಮ ಪ್ರತಿ ತಿಂಗಳು ನಡೆಸುವ ಸುವಿಧಾ ಸಮಾಗಮ ಎಂಬ ಕುಂದುಕೊರತೆ ಸಭೆ, ಅದಕ್ಕೂ ಬಗ್ಗದಿದ್ದರೆ ನೌಕರರ ವಿಮಾ ನ್ಯಾಯಾಲಯ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿರುವುದರಿಂದ ಹಳೆಯ ಇಎಸ್‌ಐ ಕಾಯ್ದೆಯ ಕಲಂ ಸಂಖ್ಯೆಗಳನ್ನು ನೋಡಿಕೊಂಡು ಬರೆಯಬೇಡಿ. ಕಲಂ ಸಂಖ್ಯೆ ಇಲ್ಲದಿದ್ದರೂ ಮೇಲ್ಮನವಿ ನಿಲ್ಲುತ್ತದೆ. ದಿನಾಂಕ ಮತ್ತು ದಾಖಲೆ ಇಲ್ಲದಿದ್ದರೆ ನಿಲ್ಲುವುದಿಲ್ಲ.

ಮೇಲ್ಮನವಿಯಲ್ಲಿ ಏನು ಬರೆಯಬೇಕು?

ಕಷ್ಟಗಳ ಪಟ್ಟಿಯಲ್ಲ. ಹಿಂಬರಹದಲ್ಲಿ ಕೊಟ್ಟ ಕಾರಣವನ್ನು ಅವರ ಮಾತಿನಲ್ಲೇ ಎತ್ತಿ ಬರೆದು, ಅದಕ್ಕೆ ಮಾತ್ರ ಉತ್ತರ ಕೊಡಿ. "ವಂತಿಗೆ 78 ದಿನ ಇಲ್ಲ" ಎಂದಿದ್ದರೆ ಆ ಆರು ತಿಂಗಳ ಸಂಬಳ ಚೀಟಿಗಳನ್ನು ಲಗತ್ತಿಸಿ, ದಿನಗಳನ್ನು ಕೂಡಿ ತೋರಿಸಿ. "ಆದಾಯ ಹೆಚ್ಚು" ಎಂದಿದ್ದರೆ ಯಾರ ಆದಾಯವನ್ನು ಹಿಡಿದಿದ್ದಾರೆ ನೋಡಿ. ಪ್ರತ್ಯೇಕ ರೇಷನ್ ಕಾರ್ಡ್ ಇರುವ ಅಣ್ಣನ ತೋಟದ ಆದಾಯವನ್ನು ಸೇರಿಸಿದ್ದನ್ನು ನಾನು ಕಂಡಿದ್ದೇನೆ. "ಶೇ. 30 ಮಾತ್ರ" ಎಂದಿದ್ದರೆ ತಪಾಸಣೆಯಲ್ಲಿ ಯಾವ ವರದಿ ನೋಡಲಿಲ್ಲ, ಯಾವ ಕೀಲನ್ನು ಅಳೆಯಲಿಲ್ಲ ಎಂಬುದನ್ನು ಹೇಳಿ, ಸಾಧ್ಯವಾದರೆ ಚಿಕಿತ್ಸೆ ಕೊಡುತ್ತಿರುವ ತಜ್ಞರ ಹೊಸ ಅಭಿಪ್ರಾಯ ಸೇರಿಸಿ. ಒಂದೂವರೆ ಪುಟ ಮೀರದಿದ್ದರೆ ಓದುತ್ತಾರೆ.

ಅವನ ಪರವಾಗಿ ನಾನೇ ಮಾತಾಡಬಹುದೇ?

ಕಚೇರಿಗಳಲ್ಲಿ ಗೆಳೆಯನ ಸಹಿ ಇರುವ ಅಧಿಕಾರ ಪತ್ರವಿದ್ದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ನೌಕರರ ವಿಮಾ ನ್ಯಾಯಾಲಯದಲ್ಲಿ ವಕೀಲರು ಅಥವಾ ನೋಂದಾಯಿತ ಕಾರ್ಮಿಕ ಸಂಘದ ಪದಾಧಿಕಾರಿ ಹಾಜರಾಗಬಹುದು; ನ್ಯಾಯಾಲಯ ಅನುಮತಿಸಿದರೆ ಲಿಖಿತ ಅಧಿಕಾರ ಪಡೆದ ಬೇರೆಯವರೂ.

ಆದರೆ ಪ್ರಶ್ನೆ ಗೆಳೆಯನಿಗೆ ಬಂದಾಗ ಉತ್ತರವೂ ಅವನಿಂದಲೇ ಬರಲಿ. ತಡವರಿಸಿದರೂ ಪರವಾಗಿಲ್ಲ. ಅವನು ಎದುರಿಗೆ ಕುಳಿತಿರುವಾಗ "ಇವನಿಗೆ ಏನೂ ಆಗುವುದಿಲ್ಲ" ಎಂದು ನಾವು ಹೇಳುವುದನ್ನು ಅವನು ಎಷ್ಟು ದಿನ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾನೆ ಎಂಬುದು ನಮಗೆ ತಿಳಿಯುವುದಿಲ್ಲ. ನಿಮ್ಮ ಕೆಲಸ ಕೇಳಿಸಿಕೊಳ್ಳುವುದು, ದಿನಾಂಕ ಬರೆದುಕೊಳ್ಳುವುದು, ಬಿಟ್ಟುಹೋದದ್ದನ್ನು ನೆನಪಿಸುವುದು.

ವಕೀಲರಿಗೆ ಕೊಡಲು ದುಡ್ಡಿಲ್ಲ.

ಕೊಡಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಅಂಗವೈಕಲ್ಯ ಇರುವವರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಉಚಿತ ವಕೀಲರ ನೆರವಿದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅಥವಾ ತಾಲ್ಲೂಕು ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಕಡತ ಎಲ್ಲಿದೆ ಎಂದೇ ಗೊತ್ತಾಗುತ್ತಿಲ್ಲ.

ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದ ಮೀರದಂತೆ. "ನನ್ನ ಈ ಸಂಖ್ಯೆಯ ಅರ್ಜಿಯ ಮೇಲೆ ಇಂದಿನವರೆಗೆ ಕೈಗೊಂಡ ಕ್ರಮದ ಕಡತ ಟಿಪ್ಪಣಿಗಳ ಪ್ರತಿ ಕೊಡಿ" ಎಂದಷ್ಟೇ ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ಇದನ್ನು ಗೆಳೆಯನ ಹೆಸರಿನಲ್ಲೇ ಹಾಕಿ; ವೈದ್ಯಕೀಯ ವಿವರ ಖಾಸಗಿಯಾದ್ದರಿಂದ ನಿಮ್ಮ ಹೆಸರಿನಲ್ಲಿ ಹಾಕಿದರೆ ನಿರಾಕರಿಸಲು ಕಾರಣ ಸಿಗುತ್ತದೆ.

ಮಧ್ಯವರ್ತಿಯೊಬ್ಬರು ಮಾಡಿಸಿಕೊಡುತ್ತೇನೆ ಎನ್ನುತ್ತಿದ್ದಾರೆ.

ಬೇಡ.

ಗೆಳೆಯನೇ "ಸರ್ಕಾರದ ದುಡ್ಡು ನನಗೆ ಬೇಡ" ಎನ್ನುತ್ತಾನೆ.

ಒತ್ತಾಯ ಮಾಡಬೇಡಿ, ಆದರೆ ಒಂದು ಸಲ ವಿವರಿಸಿ. ಇಎಸ್‌ಐ ಭತ್ಯೆ ದಾನವಲ್ಲ; ಪ್ರತಿ ತಿಂಗಳು ಅವನ ಸಂಬಳದಿಂದ ಶೇ. 0.75, ಮಾಲೀಕರಿಂದ ಶೇ. 3.25 ಕಟ್ಟಿದ್ದು ಈ ದಿನಗಳಿಗಾಗಿಯೇ. ಮಾಸಾಶನವೂ ದಾನವಲ್ಲ, ಕಾಯ್ದೆಯ ಬೆಂಬಲವಿರುವಂಥದ್ದು. ಎಷ್ಟೋ ಸಲ ಬೇಡವೆನ್ನುವುದಕ್ಕೆ ಕಾರಣ ಸ್ವಾಭಿಮಾನವಲ್ಲ, ಊರಿನಲ್ಲಿ "ಅಂಗವಿಕಲ" ಎಂದು ಕರೆಯಿಸಿಕೊಳ್ಳುವ ಭಯ. ಆ ಭಯ ಕರಗಲು ಸಮಯ ಬೇಕು. ಗಡುವು ಯಾವುದು ಎಂದು ಮಾತ್ರ ಸ್ಪಷ್ಟವಾಗಿ ಹೇಳಿಟ್ಟಿರಿ.

ಸರ್ಕಾರಿ ನೌಕರರಿಗೆ ಸೇವೆಯಲ್ಲಿರುವಾಗಲೇ ಅಂಗವೈಕಲ್ಯ ಬಂದರೆ?

ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. 2016ರ ಕಾಯ್ದೆಯ 20ನೇ ಕಲಂ ಪ್ರಕಾರ ಅದೇ ಸಂಬಳ ಶ್ರೇಣಿಯ ಬೇರೆ ಹುದ್ದೆಗೆ ಬದಲಿಸಬೇಕು. ಹುದ್ದೆ ಖಾಲಿ ಇಲ್ಲದಿದ್ದರೆ ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು. "ನೀವೇ ರಾಜೀನಾಮೆ ಕೊಟ್ಟುಬಿಡಿ" ಎಂದು ಸಹಾನುಭೂತಿಯ ಧ್ವನಿಯಲ್ಲಿ ಹೇಳಿದರೂ ಸಹಿ ಹಾಕಬೇಡಿ.

ಮಂಜೂರಾತಿ ಪತ್ರ ಬಂದಿದೆ, ಹಣ ಬರುತ್ತಿಲ್ಲ.

ಬಹುಪಾಲು ತೊಡಕು ಬ್ಯಾಂಕಿನಲ್ಲಿರುತ್ತದೆ. ಮಾಸಾಶನ ಆಧಾರ್ ಜೋಡಣೆಯಾದ ಖಾತೆಗೆ ಬರುತ್ತದೆ. ಎರಡು ಮೂರು ಖಾತೆ ಇರುವವರಿಗೆ ಯಾವುದಕ್ಕೆ ಜೋಡಣೆಯಾಗಿದೆ ಎಂಬುದೇ ತಿಳಿದಿರುವುದಿಲ್ಲ, ಹಣ ಮರೆತುಹೋದ ಖಾತೆಯಲ್ಲಿ ಬಿದ್ದಿರುತ್ತದೆ. ಬ್ಯಾಂಕಿನಲ್ಲಿ ಎನ್‌ಪಿಸಿಐ (ಆಧಾರ್ ಮೂಲಕ ಹಣ ಹಾಕುವ ವ್ಯವಸ್ಥೆಯ) ಜೋಡಣೆ ಯಾವ ಖಾತೆಗಿದೆ ಎಂದು ಕೇಳಿ. ಇಎಸ್‌ಐಗೆ ಹಳೆಯ ಪಾಸ್ ಪುಸ್ತಕದ ಐಎಫ್‌ಎಸ್‌ಸಿ ಕೊಟ್ಟಿದ್ದರೆ ಸರಿಪಡಿಸಿ. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಜೊತೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಜೊತೆ ವಿಲೀನವಾದ ಮೇಲೆ ಹಳೆಯ ಸಂಕೇತಗಳು ನಡೆಯುವುದಿಲ್ಲ. ಆಧಾರ್‌ನಲ್ಲಿ ಒಂದು ರೀತಿ, ಪುಸ್ತಕದಲ್ಲಿ ಇನ್ನೊಂದು ರೀತಿ ಹೆಸರಿದ್ದರೆ ಅದನ್ನೂ ಸರಿಮಾಡಿಸಿ.

ಇನ್ನೊಂದು ಮಾತು, ಪ್ರಮಾಣಪತ್ರ ತಾತ್ಕಾಲಿಕವೋ ಶಾಶ್ವತವೋ ನೋಡಿ. ತಾತ್ಕಾಲಿಕವಾಗಿದ್ದರೆ ಮುಗಿಯುವ ದಿನಾಂಕವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಮಾಡಿ, ಮೂರು ತಿಂಗಳು ಮೊದಲೇ ಮರುತಪಾಸಣೆಗೆ ಅರ್ಜಿ ಹಾಕಿ, ಅದರ ಸ್ವೀಕೃತಿಯನ್ನು ಉಳಿದ ಕಾಗದಗಳ ಜೊತೆ ಸೇರಿಸಿಡಿ.